ಕರೆಂಟ್ ಹೋದರೆ ಕಿಲ್ನ್ ಏನಾಗ್ತದ? ನಮ್ಮ ಕಡೆಯ ಸಿಮೆಂಟ್ ಇಂಟರ್‌ವ್ಯೂಗೆ ತಯಾರಿ

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದರೆ ಸಾಕು, ಹಾಸ್ಟೆಲ್ ತುಂಬಾ ಆಪ್ಟಿಟ್ಯೂಡ್ ಪುಸ್ತಕ, ಕೋಡಿಂಗ್ ಪ್ರಶ್ನೆ, ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂಬ ಗಿಳಿಪಾಠ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಅದೆಲ್ಲ ಬೇಕು, ಇಲ್ಲ ಅನ್ನೋದಿಲ್ಲ. ಆದರೆ ನಮ್ಮಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯಿಂದ ಬಂದವರು ಬಹಳ ಮಂದಿ ಇದ್ದೀರಿ. ಎಷ್ಟೋ ಮಂದಿಗೆ ಮನೆ ಮಾಳಿಗೆ ಹತ್ತಿದರೆ ಪ್ರಿಹೀಟರ್ ಗೋಪುರ ಕಾಣ್ತದ. ಅದರೊಳಗೆ ಏನು ನಡೀತದ ಅಂತ ಕೇಳಿ ನೋಡ್ರಿ, ‘ಸಿಮೆಂಟ್ ಮಾಡ್ತಾರ’ ಅನ್ನುವಲ್ಲಿಗೆ ಮಾತು ಮುಗೀತದ. ಸಿಮೆಂಟ್ ಕಂಪನಿಯ ಇಂಟರ್‌ವ್ಯೂನಲ್ಲಿ ನಮ್ಮ ಹುಡುಗ ಹುಡುಗಿಯರು ಎಡವುವುದು ಇಂಗ್ಲಿಷಿನಲ್ಲಿ ಅಲ್ಲ, ಇಲ್ಲಿ ಅಂತ ನನ್ನ ಅನಿಸಿಕೆ.

ಮೊದಲು ಯಾರ ಹತ್ತಿರ ಹೋಗ್ತಿದ್ದೀರಿ ಅನ್ನುವುದು ಗೊತ್ತಿರಲಿ. ನಮ್ಮ ಕಡೆ ಕಾರ್ಖಾನೆಗಳ ಹಳೆ ಹೆಸರೇ ಬಾಯಲ್ಲಿ ಉಳಿದಿದೆ, ಮಾಲೀಕರು ಮಾತ್ರ ಬದಲಾಗಿದ್ದಾರೆ. ವಾಡಿಯ ಎಸಿಸಿ 2022ರಿಂದ ಅದಾನಿ ಗುಂಪಿನದು. ಚಿತ್ತಾಪುರ ತಾಲೂಕಿನ ಇಟಗಾದಲ್ಲಿರುವ ಓರಿಯಂಟ್ ಸಿಮೆಂಟನ್ನು 2025ರಲ್ಲಿ ಅದೇ ಗುಂಪಿನ ಅಂಬುಜಾ ಕೊಂಡಿತು. ಸೇಡಂನ ವಾಸವದತ್ತಾ ಕೇಸೋರಾಂ ಕಂಪನಿಯದಾಗಿತ್ತು, 2025ರಲ್ಲಿ ಅಲ್ಟ್ರಾಟೆಕ್‌ಗೆ ಸೇರಿತು. ಮಳಖೇಡ ಅಂದರೆ ಕನ್ನಡ ಸಂಘದವರಿಗೆ ರಾಷ್ಟ್ರಕೂಟರ ಮಾನ್ಯಖೇಟ, ನೃಪತುಂಗ. ಮೆಕ್ಯಾನಿಕಲ್‌ನವರಿಗೆ ಅಲ್ಟ್ರಾಟೆಕ್‌ನ ರಾಜಶ್ರೀ ಸಿಮೆಂಟ್. ಕೋಡ್ಲಾದಲ್ಲಿ ಶ್ರೀ ಸಿಮೆಂಟ್, ಚಿಂಚೋಳಿ ತಾಲೂಕಿನಲ್ಲಿ ಚೆಟ್ಟಿನಾಡ್. ಅದೇ ತಾಲೂಕಿನ ಛತ್ರಸಾಲಾದ ಕಲಬುರ್ಗಿ ಸಿಮೆಂಟ್ ಫ್ರಾನ್ಸಿನ ವಿಕಾ ಗುಂಪಿಗೆ ಸೇರಿದ್ದು.

ಈ ವಿಕಾ ಯಾರು ಗೊತ್ತೇನ್ರಿ? ಸಿವಿಲ್‌ನವರು ಲ್ಯಾಬ್‌ನಲ್ಲಿ ಸಿಮೆಂಟ್ ಪೇಸ್ಟಿಗೆ ಸೂಜಿ ಚುಚ್ಚಿ ಸೆಟ್ಟಿಂಗ್ ಟೈಮ್ ನೋಡ್ತೀರಲ್ಲ, ನಾವು ‘ವಿಕಾಟ್’ ಅಂತ ಓದುವ ಆ ಉಪಕರಣ, ಅದೇ ಲೂಯಿ ವಿಕಾ. 1817ರ ಸುಮಾರಿಗೆ ಕೃತಕ ಸಿಮೆಂಟಿನ ಗುಟ್ಟು ಬಿಡಿಸಿದ ಫ್ರೆಂಚ್ ಎಂಜಿನಿಯರ್. ಕಂಪನಿ ಕಟ್ಟಿದವನು ಅವನ ಮಗ, 1853ರಲ್ಲಿ. ಛತ್ರಸಾಲಾದ ಇಂಟರ್‌ವ್ಯೂಗೆ ಹೋಗುವವರು ಇದನ್ನು ತಿಳಿದಿದ್ದರೆ ನಷ್ಟವೇನಿಲ್ಲ. ಜೊತೆಗೆ ಓಪಿಸಿ ಸಿಮೆಂಟಿಗೆ ಇನಿಷಿಯಲ್ ಸೆಟ್ಟಿಂಗ್ 30 ನಿಮಿಷಕ್ಕಿಂತ ಕಡಿಮೆ ಇರಬಾರದು, ಫೈನಲ್ 600 ನಿಮಿಷ ಮೀರಬಾರದು ಅನ್ನುವುದೂ ನೆನಪಿರಲಿ.

ಇನ್ನು ಗೋಪುರದೊಳಗಿನ ಮಾತು. ಊರ ಹೊರಗಿನ ಸುಣ್ಣದ ಭಟ್ಟಿ ಕೆಲವರಾದರೂ ನೋಡಿರ್ತೀರಿ. ಸುಣ್ಣದ ಕಲ್ಲು ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳೀತದ. ಪಿಯುಸಿ ಲೆಕ್ಕವೇ: 100ಕ್ಕೆ 56 ಉಳಿದು 44 ಗಾಳಿಗೆ. ಅಂದರೆ ಒಂದು ಟನ್ ಶುದ್ಧ ಸುಣ್ಣದ ಕಲ್ಲಿನಿಂದ 440 ಕಿಲೋ ಅನಿಲ. ಸಿಮೆಂಟ್ ಉದ್ಯಮದ ಕಾರ್ಬನ್ ತಲೆನೋವೆಲ್ಲಾ ಕಲ್ಲಿದ್ದಲಿನದಷ್ಟೇ ಅಲ್ಲ, ಕಲ್ಲಿನದೂ ಹೌದು ಅಂತ ಇಷ್ಟರಿಂದಲೇ ಹೇಳಬಹುದು. ಕಾರ್ಖಾನೆಯಲ್ಲಿ ಈ ಕೆಲಸ ಹೆಚ್ಚಿನಂಶ ಸುಮಾರು 900 ಡಿಗ್ರಿಯಲ್ಲಿ, ಪ್ರಿಹೀಟರ್ ಕೆಳಗಿನ ಕ್ಯಾಲ್ಸೈನರ್‌ನಲ್ಲೇ ಮುಗೀತದ. ಆಮೇಲೆ ಕಿಲ್ನ್. ಅಲ್ಲಿ ಸುಣ್ಣ, ಸಿಲಿಕಾ, ಅಲ್ಯುಮಿನಾ, ಕಬ್ಬಿಣದ ಅಂಶ ಸುಮಾರು 1450 ಡಿಗ್ರಿಯಲ್ಲಿ ಸೇರಿ ಕ್ಲಿಂಕರ್ ಉಂಡೆ ಆಗ್ತದ. ಅದನ್ನು ತಟ್ಟನೆ ತಣಿಸಿ, ಜಿಪ್ಸಮ್ ಸೇರಿಸಿ ಅರೆದರೆ ಓಪಿಸಿ. ಜಿಪ್ಸಮ್ ಯಾಕೆ? ಅದಿಲ್ಲದಿದ್ದರೆ ಮೇಸ್ತ್ರಿ ಗಾರೆ ಕಲಸಿ ತಿರುಗುವಷ್ಟರಲ್ಲಿ ಕಲ್ಲಾಗಿರ್ತದ. ಹಾರುಬೂದಿ ಸೇರಿಸಿದರೆ ಪಿಪಿಸಿ. 43 ಗ್ರೇಡ್ ಅಂದರೆ 28 ದಿನಕ್ಕೆ ಕನಿಷ್ಠ 43 ಮೆಗಾಪಾಸ್ಕಲ್ ಬಲ. ಇಷ್ಟನ್ನು ನಾಲ್ಕು ನಿಮಿಷದಲ್ಲಿ, ಚಿತ್ರ ಬರೆದು ಹೇಳಲು ಬಂದರೆ ನಿಮ್ಮ ಬ್ರಾಂಚ್ ಯಾವುದಾದರೂ ಮಾತು ಮುಂದೆ ಸಾಗ್ತದ.

ಆಮೇಲೆ ಪ್ಯಾನೆಲ್ ನಿಮ್ಮ ಬ್ರಾಂಚಿಗೆ ಇಳೀತದ. ನನಗೆ ಬಹಳ ಇಷ್ಟವಾದ ಪ್ರಶ್ನೆ ಶೀರ್ಷಿಕೆಯಲ್ಲೇ ಇದೆ: ಕಿಲ್ನ್ ನಡೀತಿರುವಾಗ ಕರೆಂಟ್ ಹೋಯ್ತು, ಏನು ಮಾಡ್ತೀರಿ? ‘ಜನರೇಟರ್ ಚಾಲೂ ಮಾಡ್ತೀನಿ’ ಅನ್ನುವುದು ಅರ್ಧ ಉತ್ತರ. ಯಾಕೆ ಅನ್ನುವುದು ಉಳಿದರ್ಧ. ಕಿಲ್ನ್ ಅಂದರೆ ಕೆಲವೇ ಆಧಾರಗಳ ಮೇಲೆ ಮಲಗಿರುವ ಉದ್ದನೆಯ ಉಕ್ಕಿನ ಕೊಳವೆ. ಒಳಗೆ ಇಟ್ಟಿಗೆ, ಅದರೊಳಗೆ ಕೆಂಪಗೆ ಕಾದ ಮಾಲು. ಬಿಸಿಯಾಗಿರುವಾಗ ತಿರುಗದೆ ನಿಂತರೆ ತನ್ನ ಭಾರಕ್ಕೆ ತಾನೇ ಬಾಗ್ತದ, ಒಂದು ಮಗ್ಗುಲು ಹೆಚ್ಚು ಕಾದು ಇನ್ನೊಂದು ತಣ್ಣಗಾಗಿ ಸೊಟ್ಟಾಗ್ತದ. ಹೊರಗೆ ಮಳೆ ಬಿದ್ದರಂತೂ ಇನ್ನೂ ಬೇಗ. ಸೊಟ್ಟಾದರೆ ಒಳಗಿನ ಇಟ್ಟಿಗೆ ಉಳಿಯುವುದಿಲ್ಲ. ಅದಕ್ಕೇ ಮುಖ್ಯ ಮೋಟಾರ್ ನಿಂತ ಕೂಡಲೇ ಇಂಧನ ಕಟ್ ಆಗಬೇಕು, ತುರ್ತು ವಿದ್ಯುತ್ತಿನ ಮೇಲಾಗಲಿ ಡೀಸೆಲ್ ಎಂಜಿನ್ ಮೇಲಾಗಲಿ ಆಕ್ಸಿಲಿಯರಿ ಡ್ರೈವ್‌ನಿಂದ ಕಿಲ್ನನ್ನು ನಿಧಾನಕ್ಕೆ ತಿರುಗಿಸುತ್ತಿರಬೇಕು. ಈ ಒಂದೇ ಪ್ರಶ್ನೆಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸೇಫ್ಟಿ ಮೂರೂ ಇವೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಬೀಮ್ ಬಾಗುವುದನ್ನು ಓದಿದ್ದು ಇಲ್ಲಿ ಉಪಯೋಗಕ್ಕೆ ಬರ್ತದ.

ಇದೇ ಧಾಟಿಯಲ್ಲಿ ಮೆಕ್ಯಾನಿಕಲ್‌ನವರು ಕಿಲ್ನ್ ಟೈರ್ ಯಾಕೆ ಸ್ವಲ್ಪ ಸಡಿಲ ಇರ್ತದ ಅಂತ ಯೋಚಿಸಿ (ಬಿಸಿಗೆ ಶೆಲ್ ಹಿಗ್ಗಲು ಜಾಗ ಬೇಕಲ್ಲ). ಎಲೆಕ್ಟ್ರಿಕಲ್‌ನವರಿಗೆ ಮಿಲ್ ಮೋಟಾರ್‌ಗೆ ಸ್ಲಿಪ್ ರಿಂಗ್ ಯಾಕೆ, ಕಿಲ್ನಿಗೆ ವಿಎಫ್‌ಡಿ ಯಾಕೆ. ಇನ್‌ಸ್ಟ್ರುಮೆಂಟೇಶನ್, ಇ ಅಂಡ್ ಸಿ ಕಡೆಯವರಿಗೆ ಹಳೇ ಪ್ರಶ್ನೆ: ಸಿಗ್ನಲ್ 0ಯಿಂದ ಶುರುವಾಗದೆ 4ರಿಂದ 20 ಮಿಲಿಆಂಪ್ ಯಾಕೆ? ವೈರ್ ಕಡಿದರೆ 0 ತೋರಿಸ್ತದ, 4 ಬಂದರೆ ವೈರ್ ಸರಿ ಇದೆ, ಅಳತೆಯೇ ಸೊನ್ನೆ ಅಂತ ಗೊತ್ತಾಗ್ತದ. ಕಂಪ್ಯೂಟರ್ ಸೈನ್ಸ್‌ನವರೂ ಹೊರಗಿನವರಲ್ಲ. ಇಡೀ ಪ್ಲಾಂಟ್ ನಡೆಯುವುದು ಸಿಸಿಆರ್ ಎಂಬ ಕಂಟ್ರೋಲ್ ರೂಮಿನ ಪರದೆಗಳಿಂದ.

ಈಗ ‘ಲೋಕಲ್’ ವಿಷಯ. ‘ಯಾಕೆ ನಮ್ಮ ಕಂಪನಿ?’ ಅಂದಾಗ ‘ಊರು ಹತ್ತಿರ ಸರ್’ ಅಂತ ನಿಲ್ಲಿಸಬೇಡಿ. ಹತ್ತಿರ ಇರುವುದು ನಿಮಗೆ ಅನುಕೂಲ, ಅವರಿಗೇನು? ಇಲ್ಲಿಯ ಬೇಸಿಗೆಗೆ ಹೆದರಿ ವರ್ಷದೊಳಗೆ ಬಿಟ್ಟು ಹೋಗುವವನಲ್ಲ, ಸಿ ಶಿಫ್ಟಿಗೂ ಬರ್ತೀನಿ, ಕೆಲಸಗಾರರ ಜೊತೆ ಅವರ ಕನ್ನಡ, ಉರ್ದು, ತೆಲುಗಿನಲ್ಲೇ ಮಾತಾಡ್ತೀನಿ ಅನ್ನುವುದು ಅವರಿಗೆ ಬೇಕಾದ ಮಾತು. ನಿಜವಿದ್ದರೆ ಹೇಳಿ. 371(ಜೆ) ಸರ್ಟಿಫಿಕೇಟ್ ಬಗ್ಗೆಯೂ ಗೊಂದಲ ಬೇಡ: 98ನೇ ತಿದ್ದುಪಡಿಯಿಂದ ಬಂದ ಆ ಮೀಸಲಾತಿ ರಾಜ್ಯ ಸರ್ಕಾರದ ನೇಮಕಾತಿಗೆ, ಕಾಲೇಜು ಸೀಟಿಗೆ. ಖಾಸಗಿ ಕಾರ್ಖಾನೆಯಲ್ಲಿ ಅದನ್ನು ಹಕ್ಕಾಗಿ ಕೇಳಲು ಬರುವುದಿಲ್ಲ.

ಒಂದು ಕಠಿಣ ಪ್ರಶ್ನೆಗೂ ತಯಾರಿರಿ: ‘ನಿಮ್ಮೂರಿನವರು ಧೂಳು ಅಂತ ತಕರಾರು ಮಾಡ್ತಾರಲ್ಲ, ನೀವೇನಂತೀರಿ?’ ತೊಗರಿ ಎಲೆಯ ಮೇಲೆ ಕೂತ ಧೂಳು ನೋಡಿ ಬೆಳೆದವರು ‘ಅಂಥದ್ದೇನಿಲ್ಲ ಸರ್’ ಅಂದರೆ ಎದುರಿಗಿದ್ದವರಿಗೂ ಸುಳ್ಳು ಅಂತ ತಿಳೀತದ. ತಕರಾರು ನಿಜ ಅಂತ ಒಪ್ಪಿಕೊಂಡು, ಬ್ಯಾಗ್ ಫಿಲ್ಟರ್ ಹೇಗೆ ಕೆಲಸ ಮಾಡ್ತದ, ಬ್ಯಾಗ್ ಹರಿದರೆ ಹೇಗೆ ಪತ್ತೆ ಹಚ್ಚುವುದು, ಗಣಿ ರಸ್ತೆಗೆ ನೀರು ಹೊಡೆಯುವುದು ಯಾಕೆ ತಪ್ಪಬಾರದು ಅಂತ ಹೇಳಿ. ಅಪ್ಪನ ಹೊಲದ ಮಾತೂ ಆಯ್ತು, ಎಂಜಿನಿಯರನ ಮಾತೂ ಆಯ್ತು.

ಇಂಗ್ಲಿಷ್ ಭಯಕ್ಕೆ ನನ್ನ ಸಲಹೆ ಸ್ವಲ್ಪ ತಿರುಗಾಮುರುಗಾ. ಮೊದಲು ಕಿಲ್ನ್ ಕಥೆಯನ್ನು ಮನೆಯಲ್ಲಿ ಅವ್ವನಿಗೆ ನಮ್ಮ ಕನ್ನಡದಲ್ಲೇ ಹೇಳಿ. ‘ಹೊಸ ಗ್ವಾಡಿಗಿ ನೀರು ಯಾಕ ಹೊಡೀತಾರ?’ ಅಂತ ಅವ್ವ ಕೇಳಿದರೆ, ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು ಅಂತ ಆಕೆಗೆ ತಿಳಿಯುವಂತೆ ಹೇಳಲು ಬಂತೋ, ವಿಷಯ ನಿಮ್ಮದಾಯ್ತು. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಸಾಕು.

ನೀವೂ ಕೇಳಬೇಕಾದ್ದು ಇದೆ. ಇದು ಟ್ರೇನಿ ಹುದ್ದೆಯೋ, ಅಪ್ರೆಂಟಿಸೋ, ಗುತ್ತಿಗೆದಾರನ ಕೈಕೆಳಗಿನ ಕೆಲಸವೋ? ಮೂರಕ್ಕೂ ಅದೇ ಗೇಟು, ಅದೇ ಹೆಲ್ಮೆಟ್, ಆದರೆ ಸಂಬಳ, ಪಿಎಫ್, ಮುಂದಿನ ಭರವಸೆ ಬೇರೆ ಬೇರೆ. ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. ಒಳಗೆ ಹಚ್ಚಿಸ್ತೀನಿ, ಇಷ್ಟು ಕೊಡು ಅನ್ನುವ ಮಂದಿ ಬಸ್ ಸ್ಟ್ಯಾಂಡಿನಲ್ಲೂ ಸಿಗ್ತಾರೆ, ವಾಟ್ಸಾಪಿನಲ್ಲೂ ಸಿಗ್ತಾರೆ. ಆಫರ್ ಲೆಟರ್‌ಗೆ ಡಿಪಾಸಿಟ್ ಕೇಳಿದರೆ ಅಲ್ಲಿಗೇ ಬಿಡಿ, ಅಪ್ಪನ ತೊಗರಿ ದುಡ್ಡು ಕೊಡಬೇಡಿ. ಪತ್ರ ಬಂದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಇಂಟರ್‌ವ್ಯೂ ಪ್ಲಾಂಟಿನಲ್ಲೇ ಇದ್ದರೆ ಗೇಟ್ ಪಾಸ್ ಮಾಡಿಸಲು ಅರ್ಧ ಗಂಟೆಯಾದರೂ ಕೈಯಲ್ಲಿರಲಿ. ಆಧಾರ್ ಕಾರ್ಡ್, ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಬೇಕು. ಚಪ್ಪಲಿ ಬೇಡ, ಕಾಲು ಪೂರ್ತಿ ಮುಚ್ಚುವ ಶೂ ಹಾಕಿ. ಹೆಲ್ಮೆಟ್ ಕೊಟ್ಟರೆ ಕೈಯಲ್ಲಿ ಹಿಡಕೊಂಡು ನಡೀಬೇಡ್ರಿ, ಪಟ್ಟಿ ಬಿಗಿದು ತಲೆಗೇ ಹಾಕ್ರಿ.