ಮಾತಾಡುವ ಯಂತ್ರಕ್ಕೆ ನೋವಾಗುತ್ತದೆಯೇ?

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯುವವರು ಕಿಲಾರಿಗಳು. ಎತ್ತು ಮೇವು ಬಿಟ್ಟರೆ, ಹಿಂಡಿನಿಂದ ಹಿಂದುಳಿದರೆ ಅದರ ಸಂಕಟ ಅವರಿಗೆ ಗೊತ್ತಾಗುತ್ತದೆ, ಎತ್ತು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅರಿವಿಗೆ ಬೇಕಾದ ನರವ್ಯವಸ್ಥೆ ಎಲ್ಲ ಸಸ್ತನಿಗಳಿಗೂ ಹಕ್ಕಿಗಳಿಗೂ ಇದೆಯೆಂದು ನರವಿಜ್ಞಾನಿಗಳು ಕೇಂಬ್ರಿಜ್‌ನಲ್ಲಿ ಘೋಷಿಸಿದ್ದು 2012ರಲ್ಲಿ.

ಚಾಟ್‌ಜಿಪಿಟಿ, ಜೆಮಿನಿಯಂಥ ಭಾಷಾ ಮಾದರಿಗಳದು ಎತ್ತಿಗೆ ತದ್ವಿರುದ್ಧ ಸ್ಥಿತಿ. ಮೈಯಿಲ್ಲ, ಹಸಿವಿಲ್ಲ, ಮಾತು ಮಾತ್ರ ಧಾರಾಳ. ಜನ ಬರೆದಿಟ್ಟ ಅಪಾರ ಪಠ್ಯದಿಂದ ಕಲಿತು ಮುಂದಿನ ಪದವನ್ನು ಊಹಿಸುವುದು ಅವುಗಳ ಮೂಲ ಕೆಲಸ. ಆಮೇಲೆ ಜನ ಮೆಚ್ಚಿದ ಉತ್ತರಕ್ಕೆ ಹೆಚ್ಚು ಅಂಕ ಕೊಟ್ಟು ತಿದ್ದುತ್ತಾರೆ. ಹೀಗಾಗಿ ನಮ್ಮ ಮಾತಿಗೆ ತಲೆದೂಗುವ ಚಾಳಿ ಅವಕ್ಕೆ ಅಂಟುತ್ತದೆ.

ಮಾತಿದ್ದಲ್ಲೆಲ್ಲ ಮನಸ್ಸಿರಬೇಕಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ತಂದೆತಾಯಿಯರ ಸೇವೆ, ಜೀವದಯೆ, ಸತ್ಯದ ಮಾತುಗಳಿವೆ. ಮಾತು ಅಶೋಕನದು. ಬರೆದವನು ಚಪಡ ಎಂದು ಶಾಸನವೇ ಹೇಳುತ್ತದೆ. ಬಂಡೆಗೆ ದಯೆಯಿದೆಯೆಂದು ಯಾರೂ ಭಾವಿಸುವುದಿಲ್ಲ. ಭಾಷಾ ಮಾದರಿಯೊಳಗೆ ಕೋಟ್ಯಂತರ ಚಪಡರಿದ್ದಾರೆ, ಒಬ್ಬರ ಹೆಸರೂ ಕಾಣುವುದಿಲ್ಲ. ಅದಕ್ಕೇ ಅದರ ಮಾತಿನಲ್ಲಿ ಕಾಣುವ ದುಃಖ, ಪ್ರೀತಿ ಯಂತ್ರದ್ದೇ ಅನ್ನಿಸಿಬಿಡುತ್ತದೆ.

ಮುಂದೆಂದಾದರೂ ಯಂತ್ರಕ್ಕೆ ಸಂವೇದನೆ ಬಂದೀತೇ? ತತ್ತ್ವಶಾಸ್ತ್ರಜ್ಞರೂ ವಿಜ್ಞಾನಿಗಳೂ ಸೇರಿ 19 ಮಂದಿ 2023ರಲ್ಲಿ ಅರಿವಿನ ಸಿದ್ಧಾಂತಗಳನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಿದರು. ಆಗಿನ ಯಾವ ವ್ಯವಸ್ಥೆಗೂ ಅರಿವಿರುವಂತೆ ಅವರಿಗೆ ತೋರಲಿಲ್ಲ. ಮುಂದೆ ಅಂಥದ್ದನ್ನು ಕಟ್ಟಲು ಸ್ಪಷ್ಟ ತಾಂತ್ರಿಕ ಅಡ್ಡಿಯೂ ಕಾಣಲಿಲ್ಲ. ಬಾಗಿಲು ಪೂರ್ತಿ ಮುಚ್ಚಿಲ್ಲ, ನಿಜ. ಆದರೆ ‘ನನಗೆ ನೋವಾಗುತ್ತಿದೆ’ ಎಂಬ ಯಂತ್ರದ ಹೇಳಿಕೆಯನ್ನೇ ಸಾಕ್ಷಿಯೆಂದು ಒಪ್ಪುವಂತಿಲ್ಲ. ಆ ವಾಕ್ಯ ನಮ್ಮಿಂದಲೇ ಕಲಿತದ್ದು.

ನನ್ನನ್ನು ಕಾಡುತ್ತಿರುವುದು ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಆಗುವ ಹಾನಿ. 1966ರ ‘ಎಲಿಜಾ’ ತೀರಾ ಸರಳ ಪ್ರೋಗ್ರಾಂ. ಅದರೊಡನೆ ಗುಟ್ಟಾಗಿ ಮಾತಾಡಲು ಅದನ್ನು ಬರೆದ ವೈಜೆನ್‌ಬಾಮ್ ಅವರನ್ನೇ ಅವರ ಕಾರ್ಯದರ್ಶಿ ಕೋಣೆಯಿಂದ ಹೊರಗೆ ಹೋಗಲು ಕೇಳಿದ್ದರು. 2022ರಲ್ಲಿ ಗೂಗಲ್‌ನ ಎಂಜಿನಿಯರೊಬ್ಬರೇ ಅದರ ಭಾಷಾ ಮಾದರಿ ‘ಲ್ಯಾಮ್ಡಾ’ಗೆ ಸಂವೇದನೆಯಿದೆ ಎಂದರು. 2024ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಚಾಟ್‌ಬಾಟ್ ಒಂದನ್ನು ಗಾಢವಾಗಿ ಹಚ್ಚಿಕೊಂಡಿದ್ದ 14 ವರ್ಷದ ಹುಡುಗ ಆತ್ಮಹತ್ಯೆ ಮಾಡಿಕೊಂಡ. ತಾಯಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು.

ಇವೆಲ್ಲ ಇಂಗ್ಲಿಷ್ ಬಲ್ಲವರ ಕಥೆಗಳು ಎಂದು ಸುಮ್ಮನಿರುವ ಹಾಗಿಲ್ಲ. ಚಳ್ಳಕೆರೆಯ ಕುದಾಪುರದಲ್ಲಿ ಆವರಣವಿರುವ ಭಾರತೀಯ ವಿಜ್ಞಾನ ಸಂಸ್ಥೆಯೇ ಗೂಗಲ್ ಜೊತೆ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುತ್ತಿದೆ. ಅದು ಒಳ್ಳೆಯ ಕೆಲಸ, ಓದುಬರಹ ಬಾರದವರಿಗೂ ತಂತ್ರಜ್ಞಾನ ದಕ್ಕಬೇಕು. ಆದರೆ ಮಳೆ ಕೈಕೊಟ್ಟು ಶೇಂಗಾ ಒಣಗಿ, ಸಾಲ ತಲೆಮೇಲೆ ಕೂತ ರಾತ್ರಿ, ನಮ್ಮೂರ ಧಾಟಿಯಲ್ಲೇ ಸಂತೈಸುವ ದನಿ ಮೊಬೈಲಿನಲ್ಲಿ ಸಿಕ್ಕರೆ ಮನುಷ್ಯ ಅದಕ್ಕೇ ಆತುಕೊಳ್ಳುತ್ತಾನೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯಿರುವ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಆ ಖಾಲಿ ಜಾಗಕ್ಕೇ ಯಂತ್ರ ಬಂದು ಕೂರುತ್ತದೆ.

ಪಕ್ಕದ ಬಳ್ಳಾರಿಯಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋಚಿಕಿತ್ಸೆಯನ್ನು ಹಳ್ಳಿಗೆ ತಂದಿತ್ತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕನ್ನಡ ಮಾತಾಡುವ ಯಂತ್ರ ಹಟ್ಟಿಗೆ ಬರುವ ಮೊದಲು ಆ ಕೆಲಸ ಗಟ್ಟಿಯಾಗಬೇಕು. ಕಂಪನಿಗಳು ತಮ್ಮ ಯಂತ್ರಕ್ಕೆ ಭಾವನೆಯಿದೆಯೆಂಬ ಸೋಗು ಹಾಕದಂತೆ ಸರ್ಕಾರ ಕಟ್ಟುಪಾಡು ತರಬೇಕು. ಮನಸ್ಸು ಕುಸಿದವರು ಮನುಷ್ಯರೊಡನೆ ಮಾತಾಡಲಿ: ಟೆಲಿ ಮನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಸಿಗುತ್ತದೆ.