ಹೀಟ್ ಪಂಪ್ ಜಗಳ: ಕೆಟ್ಟದ್ದು ಯಂತ್ರವೋ, ಕೂರಿಸಿದ ಕೈಯೋ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಚ್ಚಲೊಲೆಗೆ ಬೆಂಕಿ ಹಾಕುವವರು ಕಡಿಮೆಯಾಗುತ್ತಿದ್ದಾರೆ. ಸೋಗೆ, ಅಡಿಕೆ ಸಿಪ್ಪೆ, ಕುಂಟೆ ಎಲ್ಲ ಕೊಟ್ಟಿಗೆಯಲ್ಲೇ ಬಿದ್ದಿದ್ದರೂ ಬೆಳಗ್ಗೆ ಎದ್ದು ಒಲೆ ಮುಂದೆ ಕೂರುವ ಜನ ಮನೆಯಲ್ಲಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅಪ್ಪ ಅಮ್ಮನಿಗೆ ಕಷ್ಟವಾಗದಿರಲಿ ಅಂತ ಮಾಡಿನ ಮೇಲೆ ಸೋಲಾರ್ ಬಂತು. ಆದರೆ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಇರುವುದು ಹೊಸನಗರದಲ್ಲಿ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಸ್ನಾನಕ್ಕೆ ಇಳಿಯುವ ಊರುಗಳಲ್ಲ ಇವು. ಹಾಗಾಗಿ ಈಗ ಹೀಟ್ ಪಂಪ್ ಎಂಬ ಹೆಸರು ಇಲ್ಲೂ ಕೇಳಿಬರುತ್ತಿದೆ.

ಯಂತ್ರ ಹೊಸದು, ಕೂರಿಸುವವರು ಮಾತ್ರ ಹಳಬರು. ನಿನ್ನೆಯವರೆಗೆ ಗೀಸರ್ ಕಟ್ಟುತ್ತಿದ್ದ ಪ್ಲಂಬರ್, ಸೋಲಾರ್ ಏರಿಸುತ್ತಿದ್ದ ಕಾಂಟ್ರಾಕ್ಟರ್ ಇವತ್ತು ಹೀಟ್ ಪಂಪನ್ನೂ ಕೂರಿಸಿ ಹೋಗುತ್ತಾರೆ. ಎರಡು ತಿಂಗಳಲ್ಲಿ ಕರೆಂಟ್ ಬಿಲ್ ಏರುತ್ತದೆ, ನೀರು ಉಗುರುಬೆಚ್ಚಗಾಗುತ್ತದೆ. ಫೋನ್ ಮಾಡಿದರೆ ಕಾಂಟ್ರಾಕ್ಟರ್, "ಅದು ಯಂತ್ರದ್ದೇ ದೋಷ ಭಟ್ರೆ, ಕಂಪನಿಯವ್ರನ್ನ ಕೇಳಿ" ಅನ್ನುತ್ತಾನೆ. ಕಂಪನಿಯವರ ಉತ್ತರ, "ಫಿಟ್ಟಿಂಗ್ ನಮ್ಮದಲ್ಲ ಸರ್." ಇಬ್ಬರ ನಡುವೆ ಮನೆಯವರು ಸಿಕ್ಕಿಬೀಳುತ್ತಾರೆ. ದುಡ್ಡು ಕೊಟ್ಟದ್ದು ಯಂತ್ರಕ್ಕೆ ಎಂದಷ್ಟೇ ಅವರ ತಲೆಯಲ್ಲಿ ಕೂತಿರುವುದು ಇದಕ್ಕೆ ಅರ್ಧ ಕಾರಣ. ಕೂರಿಸುವ ಕೆಲಸವನ್ನೂ ಅವರು ಹಣ ಕೊಟ್ಟೇ ಕೊಂಡಿದ್ದಾರೆ. ಈ ವಿಷಯದ ಸುತ್ತ ಓಡಾಡುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೊಂದನ್ನು ಮರೆಯುವುದರಿಂದಲೇ.

"ಮಲೆನಾಡಿನ ಥಂಡಿಗೆ ಹೀಟ್ ಪಂಪ್ ಆಗಿಬರೋದಿಲ್ಲ."

ಸೋತ ಕಾಂಟ್ರಾಕ್ಟರ್ ಮೊದಲು ಹಿಡಿಯುವ ಕೊಂಬೆ ಇದು. ಹೀಟ್ ಪಂಪ್ ನೀರನ್ನು ನೇರವಾಗಿ ಕಾಯಿಸುವುದಿಲ್ಲ. ಫ್ರಿಜ್ಜಿನ ಕೆಲಸವನ್ನೇ ತಿರುಗಿಸಿದ ಹಾಗೆ, ಹೊರಗಿನ ಗಾಳಿಯ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಸಾಗಿಸುತ್ತದೆ. ಅದಕ್ಕೆ ನಿಜವಾದ ತೊಂದರೆ ಗಾಳಿ ಹಿಮದ ಹತ್ತಿರಕ್ಕೆ ತಣ್ಣಗಾದಾಗ. ಆಗ ಶಾಖ ಹೀರುವ ಸುರುಳಿಯ ಮೇಲೆ ಮಂಜು ಗಟ್ಟಿಯಾಗುತ್ತದೆ. ಯುರೋಪಿನ ಮನೆಗಳ ಗೋಳು ಅದು. ನಮ್ಮಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಚಳಿಯೂ ಆ ಮಟ್ಟಕ್ಕೆ ಇಳಿಯುವುದಿಲ್ಲ. ಮಳೆಗಾಲದ ತೇವದ ಗಾಳಿಯಂತೂ ಅನುಕೂಲವೇ. ಅದರ ತೇವ ಸುರುಳಿಯ ಮೇಲೆ ನೀರಾಗುವಾಗ ಒಂದಿಷ್ಟು ಶಾಖ ಬಿಟ್ಟೇ ಹೋಗುತ್ತದೆ. ಆದರೆ ಹಾಗೆ ಇಳಿದ ನೀರು ಎಲ್ಲಿಗೆ ಹೋಗಬೇಕು ಎಂದು ಕೂರಿಸಿದವರು ಯೋಚಿಸಿರಬೇಕು. ಶ್ರಾವಣದಲ್ಲಿ ದಿನಕ್ಕೆ ಒಂದೆರಡು ಲೀಟರ್ ತೊಟ್ಟಿಕ್ಕಿದರೂ ಆಶ್ಚರ್ಯವಿಲ್ಲ. ಅದಕ್ಕೆ ಪೈಪು ಇಡದೆ ಗೋಡೆಯ ಬುಡಕ್ಕೆ ಬಿಟ್ಟಿದ್ದರೆ, "ಟ್ಯಾಂಕ್ ಸೋರ್ತಿದೆ" ಅನ್ನುವ ಹೊಸ ಜಗಳ ಶುರುವಾಗುತ್ತದೆ.

"ಬಿಸಿನೀರು ಬರ್ತಾ ಇದೆಯಲ್ಲ, ಮತ್ತೆಂತ ತಕರಾರು?"

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 200 ಲೀಟರ್ ಟ್ಯಾಂಕ್ ಇರುವ ಮನೆ ಅಂದುಕೊಳ್ಳಿ. ಬಾವಿಯ ನೀರು 22 ಡಿಗ್ರಿ, ಬೇಕಾದ್ದು 55. ಅಷ್ಟು ನೀರನ್ನು 33 ಡಿಗ್ರಿ ಏರಿಸಲು ಬೇಕಾಗುವ ಶಾಖ ಸುಮಾರು 7.7 ಯೂನಿಟ್. ಗೀಸರ್ ಆದರೆ ಅಷ್ಟೂ ಯೂನಿಟ್ ಮೀಟರಿನಲ್ಲಿ ಓಡುತ್ತದೆ. ಸರಿಯಾಗಿ ಕೂರಿಸಿದ ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಟ್ಟರೆ, ಎರಡೂವರೆ ಯೂನಿಟ್ ಆಸುಪಾಸಿನಲ್ಲಿ ಕೆಲಸ ಮುಗಿಯಬೇಕು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ದಿನ ಟ್ಯಾಂಕ್ ಖಾಲಿ ಮಾಡಿ ತಣ್ಣೀರು ತುಂಬಿಸಿ, ಬೇರೆ ದೊಡ್ಡ ಉಪಕರಣಗಳನ್ನೆಲ್ಲ ಆರಿಸಿ, ಮೀಟರಿನ ಅಂಕಿ ಬರೆದುಕೊಂಡು ಫೋಟೋ ತೆಗೆದಿಡಿ. ನೀರು ಕಾದ ಮೇಲೆ ಇನ್ನೊಮ್ಮೆ ಹಾಗೇ ಮಾಡಿ. ವ್ಯತ್ಯಾಸ ಏಳೆಂಟು ಯೂನಿಟ್ ಬಂದರೆ ನಿಮ್ಮ ಮನೆಯಲ್ಲಿರುವುದು ಹೆಸರಿಗೆ ಹೀಟ್ ಪಂಪ್, ಕೆಲಸಕ್ಕೆ ಗೀಸರ್. ಎಷ್ಟೋ ಟ್ಯಾಂಕುಗಳ ಒಳಗೆ ತುರ್ತಿಗೆಂದು ಸಾದಾ ಹೀಟರ್ ಕಾಯಿಲ್ ಇರುತ್ತದೆ. ಗಡಿಬಿಡಿಯಲ್ಲಿ ಅದನ್ನು ಯಾವಾಗಲೂ ಆನ್ ಇರುವಂತೆ ಬಿಟ್ಟುಹೋದರೆ ನೀರು ಚೆನ್ನಾಗಿಯೇ ಕಾಯುತ್ತದೆ, ದೂರು ಹೇಳಲು ಏನೂ ಕಾಣುವುದಿಲ್ಲ, ಮೆಸ್ಕಾಂ ಬಿಲ್ ಒಂದೇ ಸತ್ಯ ಹೇಳುವುದು. ಮೀಟರಿನ ಆ ಎರಡು ಫೋಟೋಗಳು ಮುಂದೆ ನೂರು ಫೋನ್ ಕರೆಗಿಂತ ಹೆಚ್ಚು ಮಾತಾಡುತ್ತವೆ.

ಕೂರಿಸುವುದರಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡದು ಜಾಗದ್ದು. ಮಳೆಗೆ ನೆನೆಯಬಾರದು ಅಂತ ಯಂತ್ರವನ್ನು ಅಟ್ಟದ ಮೂಲೆಗೋ ಬಾಗಿಲು ಮುಚ್ಚಿದ ಬಚ್ಚಲು ಕೋಣೆಗೋ ಸೇರಿಸಿಬಿಡುತ್ತಾರೆ. ಅದು ಉಗುಳಿದ ತಣ್ಣನೆ ಗಾಳಿಯನ್ನೇ ಮತ್ತೆ ನುಂಗುತ್ತಾ ಹೋಗಿ ಗಂಟೆಗಟ್ಟಲೆ ಓಡಿದರೂ ನೀರು ಕಾಯುವುದಿಲ್ಲ. ಎರಡನೆಯದು ಪೈಪು. ನಮ್ಮ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ಕಡೆ, ಯಂತ್ರ ಇಟ್ಟದ್ದು ಮುಂದಿನ ಪಡಸಾಲೆಯ ಪಕ್ಕ. ನಡುವೆ ಅಷ್ಟುದ್ದದ ಪೈಪಿಗೆ ಹೊದಿಕೆ ಇಲ್ಲದಿದ್ದರೆ ಕಾದದ್ದೆಲ್ಲ ದಾರಿಯಲ್ಲೇ ಆರುತ್ತದೆ. ಜಂಬಿಟ್ಟಿಗೆ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಟ್ಯಾಂಕಿನ ಒಳಗನ್ನು ತಿನ್ನುತ್ತದೆ. ಆ ತಿನ್ನುವಿಕೆಯನ್ನು ತನ್ನ ಮೇಲೆ ಎಳೆದುಕೊಳ್ಳಲೆಂದೇ ಒಳಗೊಂದು ಮೆಗ್ನೀಸಿಯಂ ಸರಳು ಇಡುವುದುಂಟು. ಅದು ಸವೆಯುತ್ತದೆ, ಬದಲಿಸಬೇಕು ಎಂದು ಮನೆಯವರಿಗೆ ಹೇಳಿ ಹೋಗಬೇಕಾದ್ದು ಕೂರಿಸಿದವರ ಕರ್ತವ್ಯ.

ಇನ್ನೊಂದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಇದು ಜೀವದ ಪ್ರಶ್ನೆ. ಟ್ಯಾಂಕಿನ ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ ಎಂದು ದೂರು ಹೇಳಿದರೆ, ಬಂದವರು ಅದಕ್ಕೊಂದು ಬಿರಡೆ ಹಾಕಿ ಮುಚ್ಚಿ ಹೋಗುವುದುಂಟು. ನೀರು ಕಾದರೆ ಹಿಗ್ಗುತ್ತದೆ: ಮೇಲೆ ಹೇಳಿದ 200 ಲೀಟರ್ 55 ಡಿಗ್ರಿಗೆ ಬರುವಷ್ಟರಲ್ಲಿ ಎರಡು ಲೀಟರಿಗಿಂತ ಹೆಚ್ಚು ಉಬ್ಬುತ್ತದೆ. ಒಳಬರುವ ಪೈಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ವಾಲ್ವ್ ಇದ್ದರೆ ಆ ಹೆಚ್ಚಿನ ನೀರಿಗೆ ಇರುವ ದಾರಿ ಸೇಫ್ಟಿ ವಾಲ್ವ್ ಒಂದೇ. ಕಾಯುವಾಗ ಹನಿ ಬೀಳುವುದು ರೋಗವಲ್ಲ. ಮುಚ್ಚಿದ್ದೇ ಅಪರಾಧದಂಥ ಕೆಲಸ. ಹಾಗೆ ಮುಚ್ಚಿದ್ದು ಕಂಡರೆ ಯಂತ್ರ ಆರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಎಲ್ಲದಕ್ಕೂ ಕಾಂಟ್ರಾಕ್ಟರನೇ ಹೊಣೆ ಎಂಬುದೂ ಪೂರ್ತಿ ನಿಜವಲ್ಲ ಅನ್ನಿ. ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಯಂತ್ರ, ತೋಟದ ಪಂಪು ಎಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಗೆ 230 ವೋಲ್ಟ್ ಬರಬೇಕಾದ ಕಡೆ ಅದಕ್ಕಿಂತ ಬಹಳ ಕಡಿಮೆ ಬಂದರೆ ಕಂಪ್ರೆಸರ್ ಒದ್ದಾಡುತ್ತದೆ. ಅದು ಮೆಸ್ಕಾಂ ಜೊತೆಗಿನ ವ್ಯವಹಾರ, ಅದಕ್ಕೆ ಬೇರೆಯೇ ಗ್ರಾಹಕ ಕುಂದುಕೊರತೆ ವೇದಿಕೆ ಇದೆ. ಆದರೂ ಕೂರಿಸುವ ಮೊದಲು ವೋಲ್ಟೇಜ್ ಅಳೆದಿದ್ದೀರಾ, ಸ್ಟೆಬಿಲೈಸರ್ ಬೇಕೆಂದು ಹೇಳಿದ್ದೀರಾ, ಅರ್ಥಿಂಗ್ ನೋಡಿದ್ದೀರಾ ಎಂಬ ಪ್ರಶ್ನೆಗಳಿಗೆ ಕಾಂಟ್ರಾಕ್ಟರ್ ಉತ್ತರಿಸಲೇಬೇಕು.

"ಬಿಲ್ಲೂ ಇಲ್ಲ, ಅಗ್ರಿಮೆಂಟೂ ಇಲ್ಲ. ಎಂತ ಮಾಡೋಕ್ಕಾಗ್ತದೆ?"

ಮಾತಿನ ಮೇಲೆ ನಡೆಯುವ ಊರಿನಲ್ಲಿ ಈ ಹತಾಶೆ ಸಹಜ, ಆದರೆ ತಪ್ಪು. 1872ರ ಒಪ್ಪಂದ ಕಾಯ್ದೆಯ ಪ್ರಕಾರ ಇಂಥ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದನ್ನು ಸಾಬೀತು ಮಾಡುವುದಷ್ಟೇ ಕಷ್ಟ. ಯುಪಿಐನಲ್ಲಿ ಹಣ ಹೋದ ದಾಖಲೆ, "ನಾಳೆ ಹುಡುಗರನ್ನ ಕಳಿಸ್ತೀನಿ" ಎಂಬ ವಾಟ್ಸಾಪ್ ಸಂದೇಶ, ಕೊಟೇಶನ್ ಎಂದು ಕಳಿಸಿದ ಚೀಟಿಯ ಚಿತ್ರ, ಎಲ್ಲವೂ ಸಾಕ್ಷ್ಯವಾಗಬಲ್ಲವು. ಇನ್ನು ಬಿಲ್ ಕೊಡದಿರುವುದು ಕಾಂಟ್ರಾಕ್ಟರನ ಜಾಣತನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ, ಮಾಡಿದ ಸೇವೆಗೆ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. "ಕೊನೇ ಕಂತು ಕೊಟ್ಟಿಲ್ಲ, ಹಾಗಾಗಿ ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸುವವರಿದ್ದಾರೆ. ಸ್ವಲ್ಪ ಕೊಟ್ಟು ಉಳಿದದ್ದನ್ನು ಕೊಡುತ್ತೇನೆ ಎಂದವರೂ ಕಾಯ್ದೆಯ ಕಣ್ಣಿಗೆ ಗ್ರಾಹಕರೇ.

ಕಾಯ್ದೆ ವಸ್ತುವಿನ ದೋಷವನ್ನೂ ಸೇವೆಯ ನ್ಯೂನತೆಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಯಂತ್ರ ನೂರಕ್ಕೆ ನೂರು ಚೆನ್ನಾಗಿದ್ದು ಕೂರಿಸಿದ್ದು ಹಾಳಾಗಿದ್ದರೆ ಅದು ಸೇವೆಯ ನ್ಯೂನತೆ, ಅದಕ್ಕೆ ಕಂಪನಿಯ ವಾರಂಟಿ ಕಾರ್ಡಿನ ಹಂಗಿಲ್ಲ. "ವಾರಂಟಿ ಮುಗೀತು, ಇನ್ನು ಏನೂ ಮಾಡಕ್ಕಾಗಲ್ಲ" ಎಂಬ ಮಾತೂ ಹಾಗಾಗಿ ನಿಲ್ಲುವುದಿಲ್ಲ. ಕಾಲಮಿತಿ ಇರುವುದು ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಇವತ್ತು ಬರ್ತೀನಿ, ನಾಳೆ ಬರ್ತೀನಿ ಅನ್ನುವವನ ಮಾತು ಕೇಳುತ್ತಾ ಕೂತರೆ ಎರಡು ಮಳೆಗಾಲ ಕಳೆಯುವುದು ಗೊತ್ತೇ ಆಗುವುದಿಲ್ಲ.

ಕಾಂಟ್ರಾಕ್ಟರ್, ಕಂಪನಿ ಒಬ್ಬರ ಮೇಲೊಬ್ಬರು ಹಾಕುವಾಗ ಒಬ್ಬರನ್ನೇ ಆರಿಸಿಕೊಳ್ಳಬೇಕೆಂದಿಲ್ಲ. ಮಾರಿದವರು, ಕೂರಿಸಿದವರು, ತಯಾರಿಸಿದವರು ಮೂವರನ್ನೂ ಎದುರುದಾರರಾಗಿ ಸೇರಿಸಬಹುದು. ಯಾರ ಪಾಲು ಎಷ್ಟು ಎಂದು ಅವರೇ ಗ್ರಾಹಕರ ಆಯೋಗದ ಮುಂದೆ ಬಡಿದಾಡಲಿ.

"ಮೊದಲು ರಿಪೇರಿ ಮಾಡಿಸಿಬಿಡೋಣ, ಆಮೇಲೆ ಕೇಸು ನೋಡೋಣ."

ಬುದ್ಧಿವಂತರೇ ಎಡವುವ ಜಾಗ ಇದು. ಮಳೆಗಾಲದಲ್ಲಿ ಬಿಸಿನೀರಿಲ್ಲದೆ ಎಷ್ಟು ದಿನ ಇರಲು ಸಾಧ್ಯ? ಬೇರೆಯವರನ್ನು ಕರೆಸಿ, ಯಂತ್ರವನ್ನು ಹೊರಗೆ ತಂದಿರಿಸಿ, ಪೈಪು ಬದಲಿಸಿ, ವೈರಿಂಗ್ ಸರಿಮಾಡಿಸಿದರೆ ನೀರು ಕಾಯುತ್ತದೆ, ಸಾಕ್ಷ್ಯ ಮಾತ್ರ ಹೋಗುತ್ತದೆ. ಸೇವೆಯಲ್ಲಿ ನ್ಯೂನತೆ ಇತ್ತೆಂದು ತೋರಿಸುವ ಹೊಣೆ ದೂರುದಾರರದ್ದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಎಸ್‌ಜಿಎಸ್ ಇಂಡಿಯಾ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕೈ ಹಚ್ಚುವ ಮೊದಲು ಇದ್ದದ್ದು ಇದ್ದ ಹಾಗೆ ಫೋಟೋ, ವಿಡಿಯೋ ಆಗಬೇಕು. ಗೊತ್ತಿರುವ ಎಂಜಿನಿಯರ್ ಒಬ್ಬರಿಂದ ಏನು ತಪ್ಪಾಗಿದೆ ಎಂದು ಬರೆಸಿ ಸಹಿ ಹಾಕಿಸಬೇಕು. ಇಷ್ಟು ದಿನದೊಳಗೆ ಸರಿಮಾಡದಿದ್ದರೆ ನಾನು ಬೇರೆಯವರಿಂದ ಮಾಡಿಸಿ ಖರ್ಚು ಕೇಳುತ್ತೇನೆ ಎಂದು ಕಾಂಟ್ರಾಕ್ಟರನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಗಬೇಕು. ಆಮೇಲೆ ರಿಪೇರಿ.

"ಸ್ಟೇಷನ್ನಿಗೆ ಕರೆಸಿದ್ರೆ ತಾನಾಗೇ ದಾರಿಗೆ ಬರ್ತಾನೆ" ಎಂಬುದು ಇನ್ನೊಂದು. ಕೆಲಸ ಕೆಡಿಸಿದ್ದೆಲ್ಲ ವಂಚನೆಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ವಂಚನೆಯದ್ದು. ಅದು ಹೊಂದಬೇಕಾದರೆ ಮೋಸದ ಉದ್ದೇಶ ಮೊದಲಿನಿಂದಲೇ ಇರಬೇಕು. ಮುಂಗಡ ತೆಗೆದುಕೊಂಡು ನಾಪತ್ತೆಯಾದವನ ಕಥೆ ಬೇರೆ. ಯಂತ್ರ ತಂದು, ಕೂರಿಸಿ, ಕೆಟ್ಟದಾಗಿ ಕೂರಿಸಿದವನ ಮೇಲಿನ ತಕರಾರು ಸಿವಿಲ್ ಸ್ವರೂಪದ್ದು. ಊರ ಹಿರಿಯರು ಕೂತು ರಾಜಿ ಮಾಡಿಸಿದರೆ ತುಂಬ ಒಳ್ಳೆಯದು, ಆದರೆ ಆದ ರಾಜಿಯನ್ನು ಬರೆದು ಸಹಿ ಮಾಡಿಸಿಕೊಳ್ಳಿ.

"ಬಿಲ್ಲಿನ ಕೆಳಗೆ ಬೆಂಗಳೂರು ಕೋರ್ಟು ಅಂತ ಅಚ್ಚಾಗಿದೆ, ಅಲ್ಲಿಗೆ ಅಲೆಯೋರು ಯಾರು?"

ಅಲೆಯಬೇಕಾಗಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮೂರೂ ತಾಲ್ಲೂಕಿನವರಿಗೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿಗೂ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ ನಿಜ, ಆದರೆ ಈಗ ದೂರನ್ನು ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಲು ಬರುತ್ತದೆ, ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಅವಕಾಶವಿದೆ. ವಕೀಲರು ಕಡ್ಡಾಯವಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವೇ ಇಲ್ಲ, ಮನೆಯ ಹೀಟ್ ಪಂಪ್ ಆ ಮಿತಿಯೊಳಗೇ ಬರುತ್ತದೆ. ದೂರಿಗೆ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಪ್ರಯತ್ನಿಸಬಹುದು. ಹೆಸರು ಕೆಡುವ ಭಯವಿರುವ ದೊಡ್ಡ ಕಂಪನಿಗಳಿಗೆ ಅದು ನಾಟುತ್ತದೆ, ಪಕ್ಕದೂರಿನ ಕಾಂಟ್ರಾಕ್ಟರನಿಗೆ ಅಷ್ಟಾಗಿ ಅಲ್ಲ.

ಎದುರುದಾರರು 30 ದಿನಗಳಲ್ಲಿ, ಆಯೋಗ ಒಪ್ಪಿದರೆ ಇನ್ನೂ 15 ದಿನಗಳಲ್ಲಿ ಉತ್ತರ ಕೊಡಬೇಕು. ಅದಕ್ಕೂ ಮೀರಿ ಸಮಯ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತಪಡಿಸಿದೆ. ಪ್ರಕರಣ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಮುಗಿದೇ ಮುಗಿಯುತ್ತದೆ ಎಂದು ನಂಬಿ ಕೂರಬೇಡಿ.

ಹೋಂಸ್ಟೇ ಇಟ್ಟವರು ಒಂದು ವಿಷಯ ಗಮನಿಸಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಎದುರುದಾರರ ವಕೀಲರು ಮೊದಲ ದಿನವೇ ವಾದಿಸುತ್ತಾರೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಷ್ಟೇ ಬಳಸುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಮನೆಯವರೇ ಅಡುಗೆ ಮಾಡಿ ಬಡಿಸುವ ಎರಡು ಕೋಣೆಯ ಹೋಂಸ್ಟೇಗೆ ಆ ವಾದ ಸಿಗಬಹುದು, ಆಳುಕಾಳು ಇಟ್ಟು ನಡೆಸುವ ರೆಸಾರ್ಟಿಗೆ ಸಿಗುವುದು ಕಷ್ಟ. ದೂರಿನ ಮೊದಲ ಪುಟದಲ್ಲೇ ಇದನ್ನು ಬರೆಯಬೇಕು.

ಗೆದ್ದರೆ ಲಕ್ಷಗಟ್ಟಲೆ ಬರುತ್ತದೆ ಎಂಬ ಆಸೆಯೂ ಬೇಡ. ಸರಿಪಡಿಸಿ ಕೊಡು, ಇಲ್ಲವೇ ಹಣ ಹಿಂದಿರುಗಿಸು, ಜೊತೆಗೆ ಬಡ್ಡಿ, ಮಾನಸಿಕ ಕಿರಿಕಿರಿಗೆ ಒಂದಿಷ್ಟು, ದಾವೆಯ ಖರ್ಚು ಒಂದಿಷ್ಟು: ನಿರೀಕ್ಷಿಸಬೇಕಾದ್ದು ಇಷ್ಟನ್ನೇ. ಆದೇಶವಾದ ಮೇಲೂ ಕೊಡದೆ ಸತಾಯಿಸಿದರೆ 72ನೇ ಕಲಮಿದೆ: ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರಕ್ಕೆ ಕಡಿಮೆಯಿಲ್ಲದೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾಂಟ್ರಾಕ್ಟರ್ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕೆಂದರೆ 45 ದಿನಗಳೊಳಗೆ ಹೋಗಬೇಕು, ಅದಕ್ಕೂ ಮೊದಲು ಆದೇಶದ ಅರ್ಧ ಹಣವನ್ನು ಠೇವಣಿ ಇಡಬೇಕು.