ಕಸ ಸುರಿಯುವವರ ಮೇಲೆ ಕ್ಯಾಮೆರಾ ಕಣ್ಣು: ರಾಯಾಪುರದ ಉದ್ದಿಮೆದಾರರು ತಿಳಿಯಬೇಕಾದುದು

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ, ಪುಣೆ–ಬೆಂಗಳೂರು ರಸ್ತೆಗೆ ಹೊಂದಿಕೊಂಡಿರುವ ರಾಯಾಪುರದಂತಹ ಕೈಗಾರಿಕಾ ಪ್ರದೇಶಗಳಿಗೆ ಎರಡು ಅನುಕೂಲಗಳಿವೆ: ದೊಡ್ಡ ರಸ್ತೆಯ ಸಾಮೀಪ್ಯ ಮತ್ತು ವಿಶಾಲವಾದ ಸ್ಥಳಾವಕಾಶ. ಕದ್ದು ಕಸ ಸುರಿಯುವವನಿಗೆ ಬೇಕಾದುದೂ ಇವೇ ಎರಡು. ಸಂಜೆ ಕಾರ್ಖಾನೆಗಳ ಗೇಟು ಮುಚ್ಚಿದ ಬಳಿಕ ಖಾಲಿ ನಿವೇಶನದ ಬದಿಗೆ ಟೆಂಪೊ ನಿಲ್ಲಿಸಿ, ಕಟ್ಟಡದ ಅವಶೇಷವನ್ನೋ ಗೋಣಿಚೀಲಗಳನ್ನೋ ಕೆಡವಿ ಹೋಗಲು ಐದು ನಿಮಿಷ ಸಾಕು. ಇದಕ್ಕೆ ಪರಿಹಾರವಾಗಿ ಕಣ್ಗಾವಲು ಕ್ಯಾಮೆರಾ ಅಳವಡಿಸಲು ಮುಂದಾಗುವವರು ಕೆಲವು ಸಂಗತಿಗಳನ್ನು ಮೊದಲೇ ಅರಿತಿರುವುದು ಲೇಸು.

ಗೇಟಿನ ಕಾವಲಿಗೆಂದು ಹಾಕಿದ ಸಾಮಾನ್ಯ ಕ್ಯಾಮೆರಾ ರಾತ್ರಿಯಲ್ಲಿ ವಾಹನದ ಆಕಾರವನ್ನಷ್ಟೇ ತೋರಿಸುತ್ತದೆ. ಹೆಡ್‌ಲೈಟಿನ ಪ್ರಖರತೆಯಲ್ಲಿ ನಂಬರ್ ಪ್ಲೇಟು ಬಿಳಿಯ ಮಚ್ಚೆಯಾಗಿ ಕಾಣುತ್ತದೆ. ಸಂಖ್ಯೆ ಸ್ಪಷ್ಟವಾಗಬೇಕಾದರೆ ಶಟರ್ ವೇಗ ಹೆಚ್ಚಿರಬೇಕು, ಇನ್‌ಫ್ರಾರೆಡ್ ಬೆಳಕಿರಬೇಕು, ಕ್ಯಾಮೆರಾ ರಸ್ತೆಗೆ ಹೆಚ್ಚು ಓರೆಯಾಗಿರಬಾರದು. ಆದುದರಿಂದ ಕಸ ಬೀಳುವ ಜಾಗವನ್ನು ನೋಡುವ ಒಂದು ಕ್ಯಾಮೆರಾ, ವಸಾಹತಿನ ಪ್ರವೇಶದಲ್ಲಿ ಸಂಖ್ಯೆ ಓದುವ ಇನ್ನೊಂದು, ಹೀಗೆ ಎರಡು ಬೇಕಾಗುತ್ತವೆ. ಹತ್ತು ಅಗ್ಗದ ಕ್ಯಾಮೆರಾಗಳಿಗಿಂತ ಈ ಎರಡೇ ಮೇಲು.

ಸಂಗ್ರಹದ ಲೆಕ್ಕವೂ ಸರಳ. ಸೆಕೆಂಡಿಗೆ 4 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 43 ಗಿಗಾಬೈಟ್, 30 ದಿನಕ್ಕೆ ಸುಮಾರು 1.3 ಟೆರಾಬೈಟ್ ಜಾಗ ಕೇಳುತ್ತದೆ. ದೂರು, ಪರಿಶೀಲನೆಗಳು ವಾರಗಟ್ಟಲೆ ಹಿಡಿಯುವುದರಿಂದ ಏಳೇ ದಿನಗಳಲ್ಲಿ ಅಳಿಸಿಹೋಗುವ ದೃಶ್ಯದಿಂದ ಪ್ರಯೋಜನವಿಲ್ಲ. ವಿದ್ಯುತ್ ಕೈಕೊಟ್ಟಾಗ ರೆಕಾರ್ಡರಿನ ಗಡಿಯಾರ ತಪ್ಪದಂತೆಯೂ ನೋಡಿಕೊಳ್ಳಬೇಕು.

ದೃಶ್ಯ ಸಿಕ್ಕಮಾತ್ರಕ್ಕೆ ಅದು ಸಾಕ್ಷ್ಯವಾಗದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಉಪಕರಣದ ಹೊಣೆ ಹೊತ್ತವರು ಮತ್ತು ತಜ್ಞರು ಸಹಿ ಮಾಡಿದ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ನಮೂದಿಸಬೇಕು. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವುದರಿಂದ ಗದ್ದಲವಾದೀತು, ದಂಡವಾಗದು. ದಂಡ ವಿಧಿಸುವ ಅಧಿಕಾರ ಪಾಲಿಕೆಯದು. ಉದ್ದಿಮೆದಾರರ ಸಂಘ ದೂರು ಕೊಡಬಹುದಷ್ಟೆ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಘನತ್ಯಾಜ್ಯ ನಿರ್ವಹಣಾ ಸಂಸ್ಥೆಯು ರಸ್ತೆಗೆ ಕಸ ಎಸೆದವರನ್ನು ವಿಡಿಯೊ ಮೂಲಕ ಗುರುತಿಸಿ, ಅವರ ಮನೆಬಾಗಿಲಿಗೇ ಕಸ ಸುರಿದು ದಂಡ ಹಾಕಿತು. ಸುದ್ದಿಗೆ ಅದು ಚೆನ್ನ. ಆದರೆ ಮನೆಯ ಚೀಲ ಎಸೆದವನ ವಿಳಾಸ ಹುಡುಕಿದಷ್ಟು ಸುಲಭವಾಗಿ ಬಾಡಿಗೆ ಟೆಂಪೊದಲ್ಲಿ ಬಂದ ಕಾರ್ಖಾನೆಯ ಕಸದ ಒಡೆಯನನ್ನು ಹುಡುಕಲಾಗದು.

ಸಣ್ಣ ಉದ್ದಿಮೆದಾರರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಕ್ಯಾಮೆರಾ ವಾಹನವನ್ನು ಹಿಡಿಯುತ್ತದೆ, ಚೀಲದ ಮೇಲಿನ ಲೇಬಲ್ ಕಾರ್ಖಾನೆಯನ್ನು ತೋರಿಸುತ್ತದೆ. ಕಡಿಮೆ ದರಕ್ಕೆ ಒಪ್ಪಿಕೊಂಡ ಗುತ್ತಿಗೆದಾರ ಮಾಲನ್ನು ಎಲ್ಲಿ ಕೆಡವಿದನೆಂದು ಅರಿಯದಿದ್ದರೂ ಮೊದಲ ವಿಚಾರಣೆ ಮಾಲೀಕನಿಗೇ ಬರುವುದು. ಬಳಸಿದ ಎಣ್ಣೆ, ಬಣ್ಣದ ಕೆಸರು ಮುಂತಾದ ಅಪಾಯಕಾರಿ ತ್ಯಾಜ್ಯಕ್ಕಂತೂ 2016ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ 90 ದಿನ ಮೀರಿ ದಾಸ್ತಾನು ಕೂಡದು. ಸಾಗಿಸುವಾಗ ಮ್ಯಾನಿಫೆಸ್ಟ್ ಎಂಬ ಸಾಗಣೆ ದಾಖಲೆ ಇರಲೇಬೇಕು. ಉಳಿದ ಕಸಕ್ಕೂ ಗೇಟಿನ ರಿಜಿಸ್ಟರಿನಲ್ಲಿ ವಾಹನದ ಸಂಖ್ಯೆ, ಹೊರಟ ವೇಳೆ, ತೂಕಗಳನ್ನು ಬರೆದು, ಮಾಲು ಇಳಿಸಿಕೊಂಡವರ ರಸೀದಿ ತರಿಸಿಕೊಂಡ ಮೇಲೆಯೇ ಬಾಡಿಗೆ ಪಾವತಿಸುವುದು ಕ್ಷೇಮ.